ಮೂರನೆಯ ಉಸಿರು

"ಆ ತಂತಿ ಒಂದನ್ನ ಮಾತ್ರ ಮುಟ್ಟಬೇಡಿ," ಎಂದರು ಅತ್ತೆ. ಶೆಡ್ಡಿನ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ಅಳಿಯ ಬಾನೆಟ್ಟಿನಡಿ ಸೊಂಟದವರೆಗೆ ಬಗ್ಗಿದ್ದ. ಬಾಯಲ್ಲಿ ಸಣ್ಣ ಟಾರ್ಚು ಕಚ್ಚಿಕೊಂಡಿದ್ದ. ಎಂಜಿನ್ನಿನ ಮುಂದಿನ ಪುಲ್ಲಿಗೆ ಯಾರೋ ತಾಮ್ರದ ತಂತಿ ಬಿಗಿದಿದ್ದರು. ತಂತಿ ಹಸಿರುಗಟ್ಟಿತ್ತು. ಅದರೊಂದಿಗೆ ಹೆಣೆದಿದ್ದುದನ್ನು ಅವನು ಮೊದಲು ಕಪ್ಪು ದಾರ ಎಂದುಕೊಂಡ. ಬೆರಳಿನಿಂದ ತಡವಿದಾಗ ಕೂದಲು ಎಂದು ಗೊತ್ತಾಯಿತು.

ಟಾರ್ಚನ್ನು ಕೈಗೆ ತೆಗೆದುಕೊಂಡು ನಕ್ಕ. "ಮಾಟ ಮನುಷ್ಯರಿಗೆ ಮಾಡ್ತಾರೆ ಅಂತ ಕೇಳಿದ್ದೆ ಅತ್ತೆ. ಕಾರಿಗೂ ಮಾಡ್ತಾರಾ?"

"ಸರ್ವಿಸ್ ಬಿಲ್ಲಲ್ಲಿ ಒಂದು ಸಾಲು ಜಾಸ್ತಿ ಬರುತ್ತೆ ಅಷ್ಟೇ ಭಾವ," ಎಂದ, ಹಳೆಯ ಟೈರಿನ ಮೇಲೆ ಕುಳಿತಿದ್ದ ಭಾಮೈದ. "ಆಯಿಲ್ ಬದಲಾಯಿಸಿದ್ದು ಇಷ್ಟು, ಮಾಟ ತೆಗೆದಿದ್ದು ಇಷ್ಟು." ಹಳೆಯ ಕಾರುಗಳನ್ನು ಕೊಂಡು ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಚಿಕ್ಕಂದಿನಿಂದಲೂ ಅವನ ಕಣ್ಣು ಈ ಕಾರಿನ ಮೇಲಿತ್ತು.

ಅತ್ತೆ ನಗಲಿಲ್ಲ. ಮಗನಿಗೆ ಗೊತ್ತಿದ್ದ ಕತೆಯನ್ನು ಅಳಿಯನಿಗಾಗಿ ಹೇಳಿದರು. ಕಾರು ಮೊದಲು ಮಾವನ ಗೆಳೆಯನದಾಗಿತ್ತು. ಗೆಳೆಯ ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಮಾವ ಅದನ್ನು ತಮ್ಮದಾಗಿಸಿಕೊಂಡರು. ಒಯ್ಯಲು ಹೋದ ದಿನ ಅವನ ಕಿಟಕಿಯ ಕೆಳಗೇ ಎಂಜಿನ್ ಶುರುಮಾಡಿ, ಬಿಸಿಯಾಗಲಿ ಎಂದು ಬಿಟ್ಟರು. ಆ ಸದ್ದಿನಲ್ಲಿ ಕೋಣೆಯೊಳಗಿನ ಏದುಸಿರು ಯಾರಿಗೂ ಕೇಳಿಸಲಿಲ್ಲ. ಅದು ನಿಂತದ್ದೂ ಕೇಳಿಸಲಿಲ್ಲ.

"ಅವನ ತಾಯಿ ಹೊರಗೆ ಬಂದ್ಲು. ಉಸಿರಿದೆಯಾ ಅಂತ ಮಗನ ಮೂಗಿನ ಹತ್ರ ಹಿಡಿದಿದ್ದ ಹತ್ತಿ ಕೈಯಲ್ಲೇ ಇತ್ತು. ಬಾಯಲ್ಲಿ ಏನೋ ಮಣಮಣ ಅಂದ್ಕೊಂಡು ಅದನ್ನ ಎಂಜಿನ್ನಿಗೆ ಹಾಕಿದ್ಲು. ಇನ್ನು ಇದು ಉಸಿರಾಡೋದಾದ್ರೆ ನಿಮ್ಮನೆಯವರ ಉಸಿರಲ್ಲೇ ಆಡ್ಲಿ, ಅಂದ್ಲು." ಅತ್ತೆ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು. "ನಿಮ್ಮ ಮಾವ ಹೋಗಿದ್ದು ಇದೇ ಸೀಟಲ್ಲಿ."

"ಶೆಡ್ಡಲ್ಲಿ ಎಂಜಿನ್ ಬಿಟ್ಕೊಂಡು ಕೂತ್ರೆ ಯಾರಾದ್ರೂ ಹೋಗ್ತಾರೆ ಅತ್ತೆ. ಹೊಗೆಯಲ್ಲಿ ವಿಷದ ಗಾಳಿ ಇರುತ್ತೆ. ವಾಸನೆಯೂ ಗೊತ್ತಾಗಲ್ಲ."

"ಕಾರು ಅಂಗಳದಲ್ಲಿತ್ತು. ಗಾಳಿ ಬೀಸ್ತಾ ಇತ್ತು."

ಅಳಿಯ ಮತ್ತೆ ತಂತಿಯ ಮೇಲೆ ಟಾರ್ಚು ಬಿಟ್ಟ.

"ಮಾಟ ಬಿಡಿಸೋಕೆ ಅಂತ ಒಬ್ಬ ಮಂತ್ರವಾದೀನ ಕರೆಸಿದೆ. ಬಿಡಿಸೋಕಾಗಲ್ಲ, ಕಟ್ಟಬಹುದು ಅಂದ. ನನ್ನ ಕೂದಲನ್ನೇ ಕೇಳಿ ತಗೊಂಡು ಕಟ್ಟಿದ. ಮಾರಿದ್ರೂ ಪ್ರಯೋಜನ ಇಲ್ಲವಂತೆ. ಇದು ಎಲ್ಲೇ ತಿರುಗಲಿ, ಹೋಗೋದು ಈ ಮನೆ ಉಸಿರೇ. ಒಡೆಸಿದ್ರೆ ಒಳಗೆ ಸೇರಿರೋದು ಮತ್ತೆ ಸಿಗಲ್ಲ ಅಂದ."

"ಹಾಗಾದ್ರೆ ನನಗೆ ಭಯವಿಲ್ಲ. ನಾನು ಹೊರಗಿನವನು."

"ನನ್ನ ಮಗಳಿದ್ದಾಳಲ್ಲ," ಎಂದರು ಅತ್ತೆ.

ಅವರು ಮನೆಯೊಳಗೆ ಹೋಗುವವರೆಗೆ ಅಳಿಯ ಕಾದ. ಆಮೇಲೆ ಕಟಿಂಗ್ ಪ್ಲೇಯರ್ ತೆಗೆದುಕೊಂಡ. ತಂತಿ ತುಂಡಾದಾಗ ಸಣ್ಣದಾಗಿ, ಬಿಗಿದ ತಂತಿ ಮೀಟಿದಂತೆ ಸದ್ದಾಯಿತು. ಶೆಡ್ಡಿನ ತಗಡು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡಿತು.

ಅವನು ಪಂಪ್ ಕಾರ್ಖಾನೆಯಲ್ಲಿ ತಪಾಸಣೆಗಾರ. ಈ ಊರಿಗೆ ವರ್ಗವಾಗಿ ಬಂದು, ಹೆಂಡತಿಯ ತವರಲ್ಲೇ ಇಳಿದುಕೊಂಡಿದ್ದ. ಓಡುವ ಪಂಪಿಗೆ ಕಿವಿಗೊಟ್ಟು ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲವನು. ಇಂಥ ಎಂಜಿನ್ನನ್ನು ಮಾತ್ರ ಕೈಯಾರೆ ಮುಟ್ಟಿದ್ದು ಇದೇ ಮೊದಲು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ಉಬ್ಬಿದ ತ್ರಿಕೋನದಂಥ ಎರಡು ರೋಟರುಗಳು ತಮ್ಮ ತಮ್ಮ ಗೂಡಿನಲ್ಲಿ ಸುತ್ತುತ್ತವೆ. ಒಂದೊಂದಕ್ಕೂ ಮೂರು ಮುಖ. ಪ್ಲಗ್ ಬಿಚ್ಚಿ ಶಾಫ್ಟನ್ನು ತಿರುಗಿಸಿದರೆ ಆ ತೂತಿನಿಂದ ಮೂರು ಸಲ ಗಾಳಿ ಹೊರಗೆ ಬರಬೇಕು. ಫುಸ್, ಫುಸ್, ಫುಸ್. ಮೂರೂ ಒಂದೇ ಸಮ ಇದ್ದರೆ ಎಂಜಿನ್ ಬದುಕಿದೆ ಎಂದು ಲೆಕ್ಕ.

ಪ್ಲಗ್ಗುಗಳ ತೂತಿಗೆ ಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನ, ಅಂದರೆ ಸ್ಪ್ಯಾನರ್, ಕೊಟ್ಟು ತಿರುಗಿಸಿದ. ಮೊದಲು ಕಲ್ಲಿನಂತಿತ್ತು. ಆಮೇಲೆ ಒಳಗೆಲ್ಲೋ ಕೀರಲು ಸದ್ದಾಗಿ ಸಡಿಲಿತು. ಹಿಂದಿನ ರೋಟರಿನಲ್ಲಿ ಮೂರೂ ಸರಿಯಾಗಿದ್ದವು. ಮುಂದಿನದರಲ್ಲಿ ಫುಸ್. ಫುಸ್. ಮೂರನೆಯದಿಲ್ಲ. ಮತ್ತೆ ಫುಸ್. ಫುಸ್. ಮತ್ತೆ ಖಾಲಿ.

"ತುದಿಯ ಸೀಲು ಹೋಗಿದ್ರೆ ಎರಡು ಉಸಿರು ಹೋಗ್ಬೇಕಿತ್ತು," ಎಂದ ಭಾಮೈದನಿಗೆ. "ಒಂದೇ ಹೋಗಿದೆ. ಪಕ್ಕದ ಸೀಲು ಅಂಟ್ಕೊಂಡಿದೆ, ಅಷ್ಟೇ."

"ಉಸಿರು ಅಂತೀರಲ್ಲ ಭಾವ, ನೀವೂ ಅಮ್ಮನ ಪಾರ್ಟಿ ಸೇರಿದ್ರಾ?"

ಮಾರನೆಯ ದಿನ ಈಜುಕೊಳದಿಂದ ಬಂದ ಹೆಂಡತಿ ಒದ್ದೆ ಕೂದಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಬಂದಳು. ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ. ಒಂದೇ ಉಸಿರಿನಲ್ಲಿ ನೀರಿನಡಿ ಕೊಳದ ಈ ತುದಿಯಿಂದ ಆ ತುದಿಗೆ ಹೋಗುವವಳು. ಮದುವೆಗೆ ಮೊದಲು ಅವನು ಅವಳನ್ನು ಮೆಚ್ಚಿದ್ದೇ ಅದಕ್ಕೆ. ದಡದಲ್ಲಿ ಅವನೇ ಉಸಿರು ಬಿಗಿಹಿಡಿದು ನಿಂತಿದ್ದ.

"ರೀ, ಈ ಕಾರಿಗೆ ಕೊಡೋ ಸ್ನಾನದಲ್ಲಿ ಅರ್ಧ ನೀವು ಮಾಡಿದ್ರೆ..." ಎಂದು ನಗುತ್ತಾ ಶುರುಮಾಡಿದಳು.

ಅವನು ಪಾನ ಎಳೆದ. ಫುಸ್. ಫುಸ್. ಫುಸ್.

ಮೂರನೆಯದು ಬಂತು. ಅವನ ಮುಖಕ್ಕೇ ಬಡಿಯಿತು. ತಣ್ಣಗಿತ್ತು. ಎಣ್ಣೆಯದಲ್ಲ, ಮಸಿಯದಲ್ಲ, ಈಜುಕೊಳದ ಕ್ಲೋರಿನ್ ವಾಸನೆ.

"ಬಂತು!" ಎಂದು ತಿರುಗಿದ. ಹೆಂಡತಿಯ ಬಾಯಿ ತೆರೆದೇ ಇತ್ತು. ನಗು ನಡುವೆಯೇ ನಿಂತಿತ್ತು. ಕೈ ಕುತ್ತಿಗೆಯ ಬಳಿ ಇತ್ತು. ಅವನು ಪಾನ ಬಿಟ್ಟ ಮೇಲೆ ಅವಳು ಕೆಮ್ಮಿದಳು.

"ಏನಾಯ್ತೇ?"

"ಏನೋ. ಉಸಿರು ತಗೊಳ್ಳೋದು ಮರೆತ ಹಾಗಾಯ್ತು." ಅವಳು ಮತ್ತೆ ನಗಲು ನೋಡಿದಳು. "ನೀರು ಮೂಗಿಗೆ ಹೋಗಿರ್ಬೇಕು."

ವಾಸನೆ ಅವಳ ಟವೆಲ್ಲಿನದು ಎಂದು ಅವನು ತೀರ್ಮಾನಿಸಿದ. ಅಂಟಿಕೊಂಡ ಸೀಲು ಎಣ್ಣೆಗೆ ಬಿಟ್ಟಿದೆ. ಎರಡಕ್ಕೂ ಕಾರಣವಿತ್ತು. ಕಾರಣ ಸಿಕ್ಕ ಮೇಲೆ ಅವನು ಯಾವುದನ್ನೂ ಎರಡನೆಯ ಸಲ ನೋಡುವವನಲ್ಲ.

ಎಂಜಿನ್ ಹೊತ್ತಿಸುವ ದಿನ ಎಲ್ಲ ಎಚ್ಚರಿಕೆ ವಹಿಸಿದ. ಶಟರ್ ಪೂರ್ತಿ ಎತ್ತಿದ. ಸೈಲೆನ್ಸರಿಗೆ ದೊಡ್ಡ ಪೈಪು ಸಿಕ್ಕಿಸಿ ಅಂಗಳಕ್ಕೆ ಬಿಟ್ಟ. ಹೆಂಡತಿ ಕೊಳಕ್ಕೆ ಹೋಗುವ ಮಧ್ಯಾಹ್ನವನ್ನೇ ಬೇಕೆಂದು ಆರಿಸಿಕೊಂಡ. ಮನೆಯಲ್ಲಿ ಅವಳಿಲ್ಲದಿದ್ದರೆ ಹೊಗೆಯ ಭಯವೂ ಇಲ್ಲ, ಅತ್ತೆಯ ಮಾತಿಗೂ ಅವಕಾಶವಿಲ್ಲ. ಭಾಮೈದ ಅಂಗಡಿಯಲ್ಲಿದ್ದ. ಅತ್ತೆ ಒಳಗೆ ಮಲಗಿದ್ದರು.

ಮೂರನೆಯ ಪ್ರಯತ್ನಕ್ಕೆ ಎಂಜಿನ್ ಹೊತ್ತಿತು. ಒಳಗೆ ಬಿಟ್ಟಿದ್ದ ಎಣ್ಣೆಯೆಲ್ಲ ಉರಿದು ಪೈಪಿನ ಬಾಯಿಂದ ದಟ್ಟನೆಯ ಬಿಳಿ ಹೊಗೆ ಬಂತು. ಅಂಗಳ ಮುಚ್ಚಿತು, ಶೆಡ್ಡಿನ ಬಾಯಿಯೂ ಮುಚ್ಚಿತು. ಹಗಲು ಹೊತ್ತಿನಲ್ಲೇ ಒಳಗೆ ಕತ್ತಲೆ. ಆ ಕತ್ತಲೆಯಲ್ಲಿ ಎಂಜಿನ್ ಗುಂಯ್ಗುಡುತ್ತಿತ್ತು. ಅವನ ಎದೆ ಉಬ್ಬಿತು.

"ಆರಿಸಿ!" ಹೊಗೆಯೊಳಗಿಂದ ಅತ್ತೆಯ ದನಿ. ಈ ಸಲ ಅವರು ಹೊಸ್ತಿಲು ದಾಟಿದ್ದರು. "ಅಳಿಯಂದ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಆರಿಸಿ! ಅವಳು ನೀರಲ್ಲಿದ್ದಾಳೆ!"

"ಈಗ ಆರಿಸಬಾರದು ಅತ್ತೆ! ಈ ಎಂಜಿನ್ನನ್ನ ತಣ್ಣಗಿರೋವಾಗ ಆರಿಸಿದ್ರೆ ಒಳಗೆ ಪೆಟ್ರೋಲ್ ತುಂಬ್ಕೊಂಡು ಮತ್ತೆ ಹೊತ್ಕೊಳ್ಳಲ್ಲ! ಟೆಂಪರೇಚರ್ ಮುಳ್ಳು ಏರೋವರೆಗೆ ಬಿಡ್ಬೇಕು!"

ಅದು ನಿಜ. ಈ ಬಗೆಯ ಎಂಜಿನ್ ಇಟ್ಟುಕೊಂಡವರೆಲ್ಲ ಪಾಲಿಸುವ ನಿಯಮ. ಮಾವನೂ ಗೆಳೆಯನ ಕಿಟಕಿಯ ಕೆಳಗೆ ಪಾಲಿಸಿದ್ದು ಇದನ್ನೇ. ಅದು ಅವನಿಗೆ ಹೊಳೆದದ್ದು ಹೇಳಿ ಮುಗಿಸಿದ ಮೇಲೆ.

ಮುಳ್ಳು ಅಲ್ಲಾಡಲಿಲ್ಲ. ಹೊಗೆಯ ವಾಸನೆ ಬದಲಾಯಿತು. ಕ್ಲೋರಿನ್. ಟವೆಲ್ ಇರಲಿಲ್ಲ. ಒದ್ದೆ ಕೂದಲಿರಲಿಲ್ಲ. ಬರೀ ಕ್ಲೋರಿನ್. ಎಂಜಿನ್ನಿನ ಗುಂಯ್ಗುಡಿತದ ಕೆಳಗೆ ಇನ್ನೊಂದು ಸದ್ದು, ನೀರಿನಡಿ ಗುಳ್ಳೆ ಏಳುವಂಥದ್ದು.

ಬೆಂಚಿನ ಮೇಲೆ ಅವನ ಫೋನು ಬಡಿದುಕೊಂಡಿತು. ಅತ್ತೆ ಎತ್ತಿದರು. ಸ್ಪೀಕರಿನಲ್ಲಿ ಈಜುಕೊಳದ ಕಾವಲುಗಾರನ ಕೂಗು: "ಸರ್, ಮೇಡಂ ನೀರೊಳಗೆ ಹೋದವರು ಮೇಲೆ ಬರ್ಲಿಲ್ಲ! ಈಗ ಎತ್ತಿದ್ವಿ! ಉಸಿರಿಲ್ಲ ಸರ್, ಎದೆ ಒತ್ತುತ್ತಾ ಇದ್ದೀವಿ, ಒಂದೊಂದ್ಸಲ ಬರುತ್ತೆ, ಮತ್ತೆ ನಿಲ್ಲುತ್ತೆ!"

ಅವನು ಕೀಲಿ ತಿರುಗಿಸಿದ. ಎಂಜಿನ್ ನಿಲ್ಲಲಿಲ್ಲ.

ಕೀಲಿ ಹೊರಗೆಳೆದ. ನಿಲ್ಲಲಿಲ್ಲ. ಕಾದು ಕೆಂಪಾದ ಎಂಜಿನ್ ಕೀಲಿಯಿಲ್ಲದೆ ಕೆಲವು ಕ್ಷಣ ಓಡುವುದುಂಟು. ಇದು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಬ್ಯಾಟರಿಯ ತಂತಿ ಕಿತ್ತ. ಕೈ ಸುಟ್ಟಿತು. ನಿಲ್ಲಲಿಲ್ಲ. ಪೆಟ್ರೋಲ್ ಪೈಪನ್ನು ಇಕ್ಕಳದಲ್ಲಿ ಹಿಚುಕಿದ. ಪೆಟ್ರೋಲ್ ನಿಂತಿತು. ಎಂಜಿನ್ ನಿಲ್ಲಲಿಲ್ಲ. ಅದು ಪೆಟ್ರೋಲ್ ಕುಡಿಯುತ್ತಿರಲಿಲ್ಲ.

"ಉಸಿರಿಲ್ಲ ಸರ್!"

ಉಳಿದದ್ದು ಒಂದೇ ದಾರಿ. ಗಾಳಿ. ಏರ್ ಫಿಲ್ಟರ್ ಇನ್ನೂ ಹಾಕಿರಲಿಲ್ಲ. ಕಾರ್ಬ್ಯುರೇಟರಿನ ಬಾಯಿ ಕಪ್ಪಗೆ ತೆರೆದಿತ್ತು.

"ಬೇಡ!" ಎಂದರು ಅತ್ತೆ.

ಎರಡೂ ಅಂಗೈ ಒತ್ತಿ ಮುಚ್ಚಿದ.

ಎಂಜಿನ್ ಎಳೆಯಿತು. ಅಂಗೈಯ ಚರ್ಮವನ್ನು ಒಳಗೆ ಸೇದಿತು. ಚಳಿ. ಮೊಣಕೈವರೆಗೆ ಚಳಿ. ಭುಜ. ಎದೆ. ಕೈ ತೆಗೆಯಲು ಆಗಲಿಲ್ಲ. ತೆಗೆಯಬೇಕೆಂದೂ ಅನ್ನಿಸಲಿಲ್ಲ. ಅವನ ಬಾಯಿ ತಾನಾಗಿ ತೆರೆಯಿತು. ಎದೆಯಿಂದ ಏನೋ ಒಂದು ಎಳೆ, ಉಣ್ಣೆಯ ಉಂಡೆಯಿಂದ ಎಳೆದಂತೆ, ತೋಳಿನಗುಂಟ ಇಳಿಯಿತು. ಇಳಿಯುತ್ತಲೇ ಇತ್ತು. ಕಣ್ಣು ಕತ್ತಲಿಟ್ಟಿತು. ಎಂಜಿನ್ ಮುಗ್ಗರಿಸಿತು. ನಡುಗಿತು.

ನಿಂತಿತು.

ನಿಶ್ಶಬ್ದದಲ್ಲಿ ಫೋನು ಮಾತ್ರ ಮಾತಾಡುತ್ತಿತ್ತು. "ಬಂತು ಸರ್! ಕೆಮ್ಮಿದ್ರು! ಮೇಡಂ ಕಣ್ಣು ಬಿಟ್ರು!"

ಅವನು ನೆಲದ ಮೇಲೆ ಕುಸಿದು ಕುಳಿತು ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಮೂರನೆಯ ಸಲ ಎದೆ ಏರಿತು, ಇಳಿಯಿತು. ಒಳಗೆ ಏನೂ ಬರಲಿಲ್ಲ.

ಅತ್ತೆ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. "ಹೊರಗಿನವನು ಅಂತಿದ್ರಲ್ಲಪ್ಪಾ," ಎಂದು ಅತ್ತರು. "ಈಗ ನೀವೂ ಈ ಮನೆಯವರೇ ಆಗಿಬಿಟ್ರಿ."

ಹೊಗೆಯಿಂದ ಶ್ವಾಸಕೋಶಕ್ಕೆ ಪೆಟ್ಟಾಗಿದೆ ಎಂದರು ವೈದ್ಯರು. ಹೆಂಡತಿಗೆ ನೀರು ಕುಡಿದು ಹಾಗಾಯಿತೆಂದರು. ಅವಳು ಪೂರ್ತಿ ಚೇತರಿಸಿಕೊಂಡಳು. ಮತ್ತೆ ಕೊಳಕ್ಕೆ ಹೋಗತೊಡಗಿದಳು. ಅವನು ಎರಡು ಉಸಿರು, ಒಂದು ಖಾಲಿ, ಎರಡು ಉಸಿರು, ಒಂದು ಖಾಲಿ ಎಂಬ ಲಯಕ್ಕೆ ಒಗ್ಗಿಕೊಂಡ. ಮೆಟ್ಟಿಲು ಹತ್ತುವಾಗ, ಊಟ ಮಾಡುವಾಗ, ಮಾತಾಡುವಾಗ ಮೂರನೆಯದನ್ನು ದಾಟುವುದನ್ನು ಕಲಿತ. ಕೂಗಿ ಕರೆಯುವುದು ಮಾತ್ರ ಸಾಧ್ಯವಾಗುತ್ತಿರಲಿಲ್ಲ. ಅತ್ತೆ ಹೊಸ ತಾಮ್ರದ ತಂತಿ ತಂದು, ತಮ್ಮ ಬಿಳಿಗೂದಲು ಹೆಣೆದು, ತಮಗೆ ತಿಳಿದಂತೆ ಪುಲ್ಲಿಗೆ ಬಿಗಿದರು. ಕಾರನ್ನು ಒಡೆಸುವ ಮಾತನ್ನು ಯಾರೂ ಎತ್ತಲಿಲ್ಲ. ಅದರೊಳಗೆ ಏನು ಸೇರಿದೆ ಎಂದು ಮೂವರಿಗೂ ಗೊತ್ತಿತ್ತು.

ಭಾಮೈದ ಅದನ್ನು ನಂಬಿರಲಿಲ್ಲ. ಅವನು ನಂಬಿದ್ದು ವೈದ್ಯರ ಮಾತನ್ನು. ಅಕ್ಕ, ಭಾವ ಇಬ್ಬರ ಪಾಲಿಗೂ ಈ ಕಾರು ಕೇಡು. ಕಣ್ಣಿಂದ ದೂರವಾದರೆ ಎಲ್ಲರೂ ನೆಮ್ಮದಿಯಾಗಿರುತ್ತಾರೆ ಎಂಬುದು ಅವನ ಪ್ರೀತಿಯ ಲೆಕ್ಕ. ಅಮ್ಮ, ಅಕ್ಕ ಇಬ್ಬರೂ ಹೊರಗೆ ಹೋಗಿದ್ದ ಒಂದು ಬೆಳಿಗ್ಗೆ ಅವನು ಗಿರಾಕಿಯೊಬ್ಬನನ್ನು ಕರೆತಂದ.

ಅಳಿಯ ಮಹಡಿಯ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ಎದೆಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಆಗಷ್ಟೇ ಒರಗಿದ್ದ. ಕೆಳಗೆ ಶಟರ್ ಎತ್ತಿದ ಸದ್ದು, ಆಮೇಲೆ ಪ್ಲಗ್ ಬಿಚ್ಚಿದ ಸದ್ದು ಕೇಳಿಸಿತು.

"ಇದೇನ್ರೀ, ತಂತಿ ಸುತ್ತಿದ್ದೀರಿ?"

"ನಮ್ಮಮ್ಮ ಸಾರ್. ಮಾಟ ಗೀಟ ಅಂತಾರೆ. ಮುಟ್ಟಬೇಡಿ ಅಂದ್ರೆ ಮುಟ್ಟಬಾರದಂತೆ."

ಗಿರಾಕಿ ನಕ್ಕ. ಆ ನಗು ಅಳಿಯನಿಗೆ ಪರಿಚಿತವಾಗಿತ್ತು. "ಕಾರಿಗೂ ಮಾಟ ಮಾಡ್ತಾರೇನ್ರೀ?"

ಸಣ್ಣದಾಗಿ, ಬಿಗಿದ ತಂತಿ ಮೀಟಿದಂತೆ ಸದ್ದು.

ಅಳಿಯ ಕಿಟಕಿಯ ಸರಳು ಹಿಡಿದು ಎದ್ದ. ಉಸಿರೆಳೆದುಕೊಂಡ. ಕೂಗಬೇಕು. ಕೂಗಲು ಬಾಯಿ ತೆರೆದ.

ಕೆಳಗೆ ಪಾನ ಕಿರುಗುಟ್ಟಿತು. ಫುಸ್.

ದನಿ ಬರಲಿಲ್ಲ. ಸರಳನ್ನು ಗುದ್ದಿದ. ಮುಷ್ಟಿಯಲ್ಲಿ ಬಲವಿರಲಿಲ್ಲ.

ಫುಸ್.

ಪಕ್ಕದಲ್ಲಿದ್ದ ಸ್ಟೀಲ್ ಲೋಟಕ್ಕೆ ಕೈ ಚಾಚಿದ. ಅದು ಉರುಳಿ, ಮೆತ್ತನೆಯ ಹಾಸಿಗೆಯ ಮೇಲೆ ಬಿತ್ತು.

ಫುಸ್.

"ಅಬ್ಬಾ, ಮೂರೂ ಒಂದೇ ಸಮ ಇದೆಯಲ್ರೀ," ಎಂದ ಗಿರಾಕಿ, ಮೆಚ್ಚುಗೆಯಿಂದ. "ಆದ್ರೆ ಇದೇನು, ನೀಲಗಿರಿ ಎಣ್ಣೆ ವಾಸನೆ?" ಆಮೇಲೆ ಕೈ ಒರೆಸಿಕೊಳ್ಳುತ್ತಾ ಕೇಳಿದ: "ಪ್ಲಗ್ ಹಾಕಿ. ಒಂದ್ಸಲ ಸ್ಟಾರ್ಟ್ ಮಾಡಿ, ಬಿಸಿ ಆಗೋವರೆಗೆ ಬಿಟ್ಟು ನೋಡೋಣ್ವಾ?"