ಹಣೆ ಮುಟ್ಟಬೇಡಿ

"ನನ್ನ ಚಿತ್ರಕ್ಕೆ ಈ ಕುಂಕುಮ ಇಟ್ಟೋರು ಯಾರು?"

ತುಮಕೂರಿನ ಟೌನ್ ಹಾಲಿನಲ್ಲಿ ಚಿತ್ರ ಪ್ರದರ್ಶನ. ಸಾವಿರದ ಒಂಬೈನೂರ ಐವತ್ತೆಂಟರ ಮಾತು. ಅಲಮೇಲುವಿನ ದನಿಗೆ ಇದ್ದವರೆಲ್ಲ ತಿರುಗಿ ನೋಡಿದರು.

"ನಾನೇ," ಅಂದರು ಕುಣಿಗಲ್ಲಿನ ಡ್ರಾಯಿಂಗ್ ಮೇಷ್ಟ್ರು ಸೀತಾರಾಮಯ್ಯ.

ಅಲಮೇಲುವಿನ ಗೆಳತಿ ಸುಂದರಮ್ಮ ಗುಬ್ಬಿಯಿಂದ ಗುಟ್ಟಾಗಿ ತಂದು ತೋರಿಸುತ್ತಿದ್ದ ಇದ್ದಿಲ ಚಿತ್ರಗಳಿಗೆ ಈ ಮನುಷ್ಯ ಎಂದೋ ಮನಸೋತಿದ್ದರು. ಒಂದನ್ನು ಇಲ್ಲಿ ತೂಗುಹಾಕಿಸಿದ್ದೂ ಅವರೇ. ಬರೆದವಳನ್ನು ನೋಡಿದ್ದು ಮಾತ್ರ ಇವತ್ತೇ!

"ಬರಿ ಹಣೆ... ನೀವು ಮರೆತಿರಬೇಕು ಅಂದ್ಕೊಂಡೆ."

ಅಲಮೇಲು ಹಣೆ ಮುಚ್ಚಿದ್ದ ಸೆರಗು ಸರಿಸಿದಳು. ಬೋಳು ತಲೆ. ವಯಸ್ಸಿನ್ನೂ ಇಪ್ಪತ್ಮೂರು.

"ಮರೆತಿಲ್ಲ ಮೇಷ್ಟ್ರೇ, ಅದು ನಾನು. ಮದುವೆಯಾದ ವರ್ಷವೇ ಗಂಡ ಹೋದರು. ತಲೆ ಬೋಳಿಸುವಾಗ ಯಾರೂ ನನ್ನ ಕೇಳಲಿಲ್ಲ. ಕುಂಕುಮ ಇಡುವಾಗ ನೀವೂ ಕೇಳಲಿಲ್ಲ!"

ಮೇಷ್ಟ್ರು ಕುಂಕುಮ ಅಳಿಸಲು ಚಿತ್ರದತ್ತ ತಿರುಗಿದರು. ಅವಳಾಗಲೇ ಮೆಟ್ಟಿಲಿಳಿದಿದ್ದಳು.

'ನನ್ನ ಮನಸ್ಸು ಬಲ್ಲೋರು ಒಬ್ಬರಾದ್ರೂ ಇದಾರೆ ಅಂತ ನಂಬಿದ್ನಲ್ಲಾ...' ಪಾಪ, ಗುಬ್ಬಿ ಬರುವವರೆಗೂ ರೈಲಿನಲ್ಲಿ ಅತ್ತಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಪ್ಪ ವೆಂಕಟೇಶಯ್ಯ ಬಚ್ಚಲೊಲೆಗೆ ಅವಳ ಚಿತ್ರಗಳನ್ನು ತುರುಕುತ್ತಿದ್ದರು. ಬಾಯಿ ಕಟ್ಟಿಸಿಕೊಂಡ ಹೆಂಗಸು, ಕೂದಲು ಬಿಚ್ಚಿ ಎದುರು ನಿಂತ ಹೆಂಗಸು... ಎಲ್ಲ ಬೂದಿ!

"ಇನ್ಮೇಲೆ ಇದ್ದಿಲು ಮುಟ್ಟಿದ್ರೆ ಕೈ ಮುರೀತೀನಿ!"

"ಬರೀದೆ ನಾನು ಬದುಕಲ್ಲಪ್ಪಾ..."

ಅವರು ಕೇಳಿಸಿಕೊಳ್ಳಲೇ ಇಲ್ಲ.

ಮಾರನೇ ಬೆಳಗ್ಗೆ ಮೇಷ್ಟ್ರು ಬಾಗಿಲಲ್ಲಿ! ಕೈಯಲ್ಲಿ ಟೌನ್ ಹಾಲಿನ ಆ ಚಿತ್ರ, ಉಳಿದಿದ್ದು ಅದೊಂದೇ. ಕುಂಕುಮ ಕೆರೆಯಲು ಹೋಗಿ ಹಣೆಯ ಹತ್ತಿರ ಕಾಗದ ತೂತುಬಿದ್ದಿತ್ತು.

"ತಪ್ಪಾಯ್ತು. ಅಳಿಸೋಕೆ ಹೋಗಿ ಇನ್ನೂ ಹಾಳು ಮಾಡ್ದೆ. ಈ ಸಲ ಕೇಳೋಕೆ ಬಂದಿದೀನಿ... ನನ್ನ ಮದುವೆ ಆಗ್ತೀರಾ? ಕುಂಕುಮ, ಕೂದಲು, ಚಿತ್ರ, ಎಲ್ಲಾ ನಿಮ್ಮಿಷ್ಟ."

"ಹೊಸಿಲು ದಾಟಿದ್ರೆ ನೀನು ನಮ್ಮ ಪಾಲಿಗೆ ಸತ್ತಂಗೆ!" ಅಪ್ಪ ಗುಡುಗಿದರು.

ಅಲಮೇಲು ಅಮ್ಮನತ್ತ ನೋಡಿದಳು. ಅಮ್ಮ ತಲೆ ಎತ್ತಲಿಲ್ಲ. ಸೆರಗಿನ ಮರೆಯಲ್ಲಿ ಕೈ ಮಾತ್ರ ಆಡಿಸಿದಳು... ಹೋಗು. ಹೋಗೇ...

ದಾಟಿದಳು. ಹಿಂದೆ ಬಾಗಿಲು ಹಾಕಿಕೊಂಡಿತು. ಮುಂದೆ ಅಮ್ಮ ತೀರಿಹೋದಾಗಲೂ ಅವಳಿಗೆ ಅದು ತೆರೆಯಲಿಲ್ಲ.

ಅವತ್ತು ಸ್ಟೇಷನ್ನಿನ ಬೆಂಚಿನ ಮೇಲೆ ಕೂತರೂ ಅವಳ ಅಳು ನಿಲ್ಲಲೇ ಇಲ್ಲ.

"ಈ ಹಣೆ ಮತ್ತೆ ಬರೀತೀರಾ?" ಮೇಷ್ಟ್ರು ಮೆಲ್ಲಗೆ ಕೇಳಿದರು.

"ಬೇಡ. ತೂತು ಹಂಗೇ ಇರ್ಲಿ. ನೀವು ಮಾತ್ರ ಮುಟ್ಟಬೇಡಿ."

"ಇಲ್ಲ, ಮುಟ್ಟಲ್ಲ." ಚಿತ್ರವನ್ನು ಅವಳತ್ತ ಸರಿಸಿ, "ಕೈ... ಕೈ ಹಿಡ್ಕೋಬಹುದಾ?"

ಅಲಮೇಲು ಕಣ್ಣೊರೆಸಿಕೊಂಡಳು.

"ಕೇಳಿದ್ರಲ್ಲಾ... ಹಿಡ್ಕೊಳ್ಳಿ ಕಣ್ರೀ."