ಹೇಳದೆ ಕೇಳದೆ ಒಂದು ಪರಾಗಸ್ಪರ್ಶ

ಒಂಬತ್ತು ದಿನದ ಟ್ರೇನಿಂಗ್ ಮುಗಿಸಿ ಬಂದವಳಿಗೆ ಚಪ್ಪಲಿ ಬಿಡುವಷ್ಟೂ ತಾಳ್ಮೆ ಇರಲಿಲ್ಲ. ಬ್ಯಾಗನ್ನು ಬಾಗಿಲಲ್ಲೇ ಎಸೆದು, ಕಿಟಕಿ ಪಕ್ಕದ ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿದಳು.

ಒಂದು ಕಾಲದಲ್ಲಿ ಮೀನು ಸಾಕಿದ್ದ ತೊಟ್ಟಿ ಅದು. ಈಗ ಅದರೊಳಗೆ ಒದ್ದೆ ಪಾಚಿ, ಹಳೇ ಕಂಪ್ಯೂಟರಿನಿಂದ ಕಿತ್ತ ಪುಟ್ಟ ಫ್ಯಾನು, ಗಂಟೆಗೊಮ್ಮೆ ಮಂಜು ಉಗುಳುವ ಒಂದು ಯಂತ್ರ, ಮತ್ತು ಔಷಧಿ ಬಾಟಲಿಯ ಮುಚ್ಚಳಗಳಲ್ಲಿ ಕೂತ ಹದಿನಾಲ್ಕು ಆರ್ಕಿಡ್‌ಗಳು. ಎಲ್ಲವೂ ಉಗುರಿನಷ್ಟು. ಬಂದ ನೆಂಟರು ‘ಗಿಡ ಎಲ್ಲಿ?’ ಎಂದು ಕೇಳಿ ಅವಳ ಕಣ್ಣಲ್ಲಿ ಶಾಶ್ವತವಾಗಿ ಸಣ್ಣವರಾಗುತ್ತಿದ್ದರು.

ಅವಳ ಕೆಲಸ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವುದು. ಇಡೀ ಬಿಲ್ಡಿಂಗು ಅವಳನ್ನು ಹಲ್ಲಿನ ಡಾಕ್ಟ್ರು ಎಂದೇ ಕರೆಯುತ್ತಿತ್ತು. ಅವಳು ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟಿದ್ದಳು. ಹಣೆಗೆ ಕಟ್ಟುವ ಭೂತಗನ್ನಡಿ ಅಲ್ಲಿಂದಲೇ ಮನೆಗೆ ಬಂದದ್ದು. ಅದನ್ನು ಕಟ್ಟಿಕೊಂಡು, ಏಳನೇ ಮುಚ್ಚಳದತ್ತ ಬಗ್ಗಿದಳು.

ನಾಲ್ಕು ವರ್ಷ ಸಾಕಿದ ಗಿಡ ಅದು. ಮೊಟ್ಟಮೊದಲ ಮೊಗ್ಗು. ಹೊರಡುವ ದಿನ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅರಳಿದರೆ ತಿಂಗಳಾದರೂ ಬಾಡುವುದಿಲ್ಲ ಎಂಬ ಧೈರ್ಯದಲ್ಲಿ ಹೋಗಿದ್ದಳು.

ಈಗ ಅಲ್ಲಿದ್ದದ್ದು ಮುದುಡಿದ ಕಂದು ಚೂರು. ಅದರ ಹಿಂದೆ ತೊಟ್ಟು ದಪ್ಪಗಾಗಿತ್ತು. ಗರ್ಭ ನಿಂತ ದಪ್ಪ.

“ಅತ್ತೇ!”

ಸೋದರತ್ತೆ ಒಳಗೆ ಪದಬಂಧ ಬಿಡಿಸುತ್ತಿದ್ದರು. “ಬಂದ ತಕ್ಷಣ ಯಾಕೇ ಕಿರುಚ್ತೀಯ?”

“ಈ ತೊಟ್ಟಿಗೆ ಯಾರು ಕೈ ಹಾಕಿದ್ದು?”

“ನನ್ನನ್ನಂತೂ ಹತ್ರ ಬಿಟ್ಕೊಳ್ಳಲ್ಲ ನೀನು. ನಿನ್ನ ಲಿಫ್ಟಪ್ಪ ದಿನಾ ಬಂದು ನೀರು ಚಿಮುಕಿಸಿ ಹೋಗ್ತಿದ್ದ.”

“ನನ್ನ ಲಿಫ್ಟಪ್ಪ ಅಲ್ಲ.”

“ಆಯ್ತಮ್ಮ. ಬಿಲ್ಡಿಂಗಿನ ಲಿಫ್ಟಪ್ಪ.”

ಎದುರು ಮನೆಯ ಲಿಫ್ಟ್ ಮೆಕ್ಯಾನಿಕ್‌ಗೆ ಅತ್ತೆ ಇಟ್ಟ ಹೆಸರು ಅದು. ಅವನ ಬಾಲ್ಕನಿ ತುಂಬ ದಾಸವಾಳ. ಒಂದರ ಪರಾಗವನ್ನು ಇನ್ನೊಂದಕ್ಕೆ ತಾಗಿಸಿ, ಯಾರೂ ಕೇಳದ ಬಣ್ಣಗಳನ್ನು ಹುಟ್ಟಿಸುವುದು ಅವನ ಚಟ. ತಟ್ಟೆಯಗಲದ ಹೂವಿಟ್ಟುಕೊಂಡವರು ಸ್ವಭಾವತಃ ಗಟ್ಟಿ ಗಂಟಲಿನವರು ಎಂಬುದು ಅವಳ ಸಿದ್ಧಾಂತ. ಆದರೂ ತೊಟ್ಟಿ ನೋಡಿಕೊಳ್ಳಲು ಹೇಳಿದ್ದು ಅವನಿಗೇ, ಏಕೆಂದರೆ ಗಿಡವೆಂದರೆ ಅತ್ತೆಯ ಪಾಲಿಗೆ ಒಂದು ಚೊಂಬು ನೀರು ಸುರಿಯುವ ಜಾಗ. ಇನ್ನೊಂದು ಕಾರಣವೂ ಇತ್ತು. ಒಮ್ಮೆ ಅವನು ಈ ಭೂತಗನ್ನಡಿಯಲ್ಲಿ ಇಣುಕಿದಾಗ ರೆಪ್ಪೆಯ ಗುರುತು ಗಾಜಿನ ಮೇಲೆ ಉಳಿದಿತ್ತು. ದಿನಕ್ಕೆರಡು ಸಲ ಗಾಜು ಒರೆಸುವವಳು ಅವತ್ತು ಒರೆಸಲಿಲ್ಲ. ಮರುದಿನವೂ ಒರೆಸಲಿಲ್ಲ.

ಆ ನೆನಪು ಬಂದದ್ದೇ ಸಿಟ್ಟು ಇನ್ನೊಂದು ಮಹಡಿ ಏರಿತು. ಭೂತಗನ್ನಡಿ ಹಣೆಯಲ್ಲಿರುವಂತೆಯೇ ಹೋಗಿ ಅವನ ಬಾಗಿಲು ಬಡಿದಳು.

ಅವನು ಬಾಗಿಲು ತೆರೆದ. ಮೊಣಕೈವರೆಗೆ ಗ್ರೀಸು, ಮುಖ ತುಂಬ ಸಂತೋಷ. “ಬಂದ್ರಾ! ನೋಡಿದ್ರಾ?”

“ನೋಡ್ದೆ. ಯಾವತ್ತು ಸತ್ತಿದ್ದು?”

“ಯಾರು?”

“ನನ್ನ ಹೂವು ರೀ!”

“ಸತ್ತಿಲ್ಲ. ಕಾಯಿ ಕಟ್ಟಿದೆ. ನಾನೇ...” ಅವಳ ಮುಖ ನೋಡಿ ಸಂತೋಷ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. “ಮೂರನೇ ದಿನ ಅರಳ್ತು. ನಾಲ್ಕನೇ ದಿನ ನಾನು ಹಲ್ಲುಕಡ್ಡಿ ತುದೀಲಿ ಪರಾಗ ಇಟ್ಟೆ. ಮಾರನೇ ದಿನ ಯಾಕೋ ಬಾಡ್ತು. ಹೇಗೂ ಹೂವು ಬಾಡೋದೇ ಅಲ್ವಾ ಅಂತ...”

“ನಿಮ್ಮ ದಾಸವಾಳ ಬಾಡುತ್ತೆ, ಸಂಜೆಗೆ! ಇದು ತಿಂಗಳುಗಟ್ಲೆ ಇರುತ್ತೆ. ಯಾಕೆ ಗೊತ್ತಾ? ಯಾವುದಾದ್ರೂ ಹುಳ ಬರ್ಲಿ ಅಂತ ಕಾಯ್ತಾ ಇರುತ್ತೆ. ಹುಳ ಬಂದು ಹೋದ್ಮೇಲೆ ಯಾರಿಗೋಸ್ಕರ ಸಿಂಗಾರ? ಅವತ್ತೇ ಅಂಗಡಿ ಮುಚ್ಚುತ್ತೆ.”

“ಅಂದ್ರೆ ಆ ಹುಳ...”

“ನೀವೇ.”

ಅವನು ಒಪ್ಪಿಕೊಂಡವನಂತೆ ತಲೆ ತಗ್ಗಿಸಿದ. ಹಾಗೆ ಒಪ್ಪಿಕೊಳ್ಳುವವರೊಡನೆ ಜಗಳವಾಡುವುದು ಕಷ್ಟ. ಅವಳು ಬೇರೆ ದಾರಿ ಹುಡುಕಿದಳು.

“ಪರಾಗ ಎಲ್ಲಿಂದ ತಂದ್ರಿ? ನಿಮ್ಮ ಹತ್ರ ಆರ್ಕಿಡ್ ಎಲ್ಲಿದೆ?”

ಅವನು ಒಳಗೆ ಹೋಗಿ ಜಾಮಿನ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಕಳೆದ ವರ್ಷ ಅವಳೇ ‘ವಾರ ಬದುಕಿದ್ರೆ ಹೆಚ್ಚು’ ಎಂದು ಕೊಟ್ಟಿದ್ದ ಬಡಕಲು ಗಿಡ. ಈಗ ಅದಕ್ಕೆ ಹನ್ನೊಂದು ಎಲೆ, ಬೆಳ್ಳಿ ದಾರದಂಥ ಬೇರು, ಎರಡು ಹೂವು. ಅವಳ ತೊಟ್ಟಿಯ ಯಾವ ಗಿಡವೂ ಇಷ್ಟು ಗಟ್ಟಿಮುಟ್ಟಾಗಿರಲಿಲ್ಲ.

“ಆರು ಸಲ ಸಾಯೋಕೆ ಹೊರಡ್ತು,” ಎಂದ. “ಬಿಡ್ಲಿಲ್ಲ.”

“ನನಗ್ಯಾಕೆ ಹೇಳ್ಲಿಲ್ಲ?”

“ಏಳನೇ ಸಲ ಸತ್ತುಹೋದ್ರೆ ಅಂತ.”

ಇದನ್ನೂ ಕ್ಷಮಿಸಲು ಸಾಧ್ಯವಿರಲಿಲ್ಲ. ಒಬ್ಬ ಮನುಷ್ಯ ತಪ್ಪು ಮಾಡಿದರೆ ಪೂರ್ತಿ ಮಾಡಬೇಕು. ನಡುವೆ ಹೀಗೆ ಬೇರು ಬಿಟ್ಟ ಗಿಡ ತಂದು ತೋರಿಸುವುದು ಅನ್ಯಾಯ.

“ಬನ್ನಿ,” ಎಂದಳು. “ಬಂದು ನೋಡಿ ಏನು ಮಾಡಿದೀರಿ ಅಂತ.”

ಇಬ್ಬರೂ ತೊಟ್ಟಿಯ ಮುಂದೆ ಕೂತರು. ಅವಳು ಏಳನೇ ಮುಚ್ಚಳವನ್ನು ಚಿಮಟದಲ್ಲಿ ಹೊರಗೆತ್ತಿ ಬೆಳಕಿಗೆ ಹಿಡಿದಳು. “ಐದೇ ಎಲೆ. ಒಂದು ಆಗ್ಲೇ ಹಳದಿ. ಈ ಕಾಯಿ ಬಲಿಯೋಕೆ ಏಳು ತಿಂಗಳು ಬೇಕು. ಅಷ್ಟರಲ್ಲಿ ಇದು ಗಿಡದ ಜೀವ ಹೀರಿಬಿಡುತ್ತೆ. ಯಾಕೆ ಮಾಡಿದ್ರಿ?”

“ನೀವೇ ಒಂದ್ಸಲ ಬೀಜ ಮಾಡ್ಬೇಕು ಅಂದಿದ್ರಿ.”

“ಗಿಡ ಬಲಿತ್ಮೇಲೆ ಅಂದಿದ್ದೆ.”

“ಒಂದು ಪ್ರಯೋಗ ಅಂತ...”

“ಪ್ರಯೋಗ ನಿಮ್ಮ ಬಾಲ್ಕನೀಲಿ ಮಾಡಿ. ನಿಜ ಹೇಳಿ.”

ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿದ. ಆಮೇಲೆ ಪ್ಯಾಂಟನ್ನು ಕೈಯಿಂದ ಒರೆಸಿದ. “ಏಳು ತಿಂಗಳು ಅಂತ ನಾನೂ ಓದಿದ್ದೆ. ಕಾಯಿ ಇದ್ರೆ, ನೋಡ್ಕೊಂಡು ಹೋಗ್ತೀನಿ ಅಂತ ವಾರಕ್ಕೆರಡು ಸಲ ಬರಬಹುದು ಅನ್ನಿಸ್ತು. ನಮ್ಮ ನಾಲ್ಕನೇ ಮಹಡೀಲಿ ಲಿಫ್ಟು ನಿಲ್ತಿಲ್ಲ ಅಂತ ಬರೋಣ ಅಂದ್ರೆ, ದರಿದ್ರದ್ದು, ನಾನೇ ರಿಪೇರಿ ಮಾಡ್ಬಿಟ್ಟಿದೀನಿ.”

ಒಳಗೆ ಅತ್ತೆಯ ಪೆನ್ಸಿಲ್ ನಿಂತಿತು.

ಅವಳ ಕಿವಿ ಬಿಸಿಯಾಯಿತು. ಟ್ರೇನಿಂಗಿನ ಹಾಲಿನಲ್ಲಿ ಯಾರೋ ಹೊಸ ಮಷೀನಿನ ಬಗ್ಗೆ ಕೊರೆಯುತ್ತಿದ್ದಾಗ, ಅವಳು ಪಟ್ಟಾಗಿ ಕೂತು ಒಂದೇ ಯೋಚನೆ ಮಾಡಿದ್ದಳು: ವಾಪಸ್ ಹೋದ ದಿನ ಇವನನ್ನು ಕರೆದು, ಇದೇ ಜಾಗದಲ್ಲಿ ಕೂರಿಸಿ, ಭೂತಗನ್ನಡಿಯನ್ನು ತಾನೇ ಅವನ ಹಣೆಗೆ ಕಟ್ಟಿ...

“ನಾನು ತೋರಿಸ್ಬೇಕು ಅಂತಿದ್ದೆ,” ಎಂದುಬಿಟ್ಟಳು. “ನಿಮಗೆ. ನಾನು ಇನ್ನೂ ನೋಡೇ ಇಲ್ಲ ಅದನ್ನ. ನಾಲ್ಕು ವರ್ಷ!” ಅಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಜಗಳದ ದನಿಯಲ್ಲೇ ಕೇಳಿದಳು: “ಹೇಗಿತ್ತು?”

“ಫೋಟೋ ತೆಗ್ದೆ. ನಿಮ್ಮ ಕಿಟಕಿ ಮಾತ್ರ ಚೆನ್ನಾಗಿ ಬಂದಿದೆ.”

“ಫೋಟೋ ಕೇಳ್ಲಿಲ್ಲ.”

ಅವನು ಕಣ್ಣು ಮುಚ್ಚಿದ. “ನೇರಳೆ. ಆದ್ರೆ ಬೆಳಕು ಹಿಂದಿನಿಂದ ಬಿದ್ರೆ ವೈನ್ ಥರ ಕೆಂಪು. ಒಳಗೆ ಹಳದಿ ನಾಲಿಗೆ, ಸಾಸಿವೆಯ ಕಾಲು ಭಾಗ. ಅಂಚಿಗೆಲ್ಲ ಕೂದಲು. ಉಸಿರು ಬಿಟ್ರೂ ಅಲುಗಾಡೋದು. ಅದಕ್ಕೇ ನಾನು ಉಸಿರು ಹಿಡ್ಕೊಂಡು ನೋಡ್ದೆ. ಸಾಕಾಗ್ತಿರ್ಲಿಲ್ಲ, ಆಚೆ ಹೋಗಿ ಉಸಿರಾಡಿ ಮತ್ತೆ ಬಂದು ನೋಡ್ತಿದ್ದೆ.”

ಅವಳು ಅವನ ಮುಚ್ಚಿದ ರೆಪ್ಪೆಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ರೆಪ್ಪೆಗೂದಲು ಒಂದೊಂದೂ ಬೇರೆಬೇರೆಯಾಗಿ ಕಂಡಿತು. ಮೂಲೆಯ ಒಂದು ಕೂದಲು ಬೆಳ್ಳಗಾಗಿತ್ತು. ಇವನು ಕಣ್ಣು ಬಿಡುವ ಮೊದಲೇ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡಳು.

“ಕತ್ತರಿ ಕೊಡಿ,” ಎಂದಳು.

ಅವನು ಬೇಡವೆನ್ನಲಿಲ್ಲ. ಪುಟ್ಟ ಕತ್ತರಿಯ ಬಾಯನ್ನು ಲೈಟರಿನಲ್ಲಿ ಕಾಯಿಸಿ, ಆರಲು ಬಿಟ್ಟು, ಹಿಡಿಯನ್ನು ಅವಳ ಕಡೆ ಮಾಡಿ ಕೊಟ್ಟ. ಇಷ್ಟಾದರೂ ಗೊತ್ತಿದೆ ಎಂದುಕೊಂಡಳು. ಕಾಯಿ ತೊಟ್ಟು ಸಮೇತ ಬಿತ್ತು, ಶಬ್ದ ಕೂಡ ಆಗಲಿಲ್ಲ. ಗಾಯಕ್ಕೆ ಚಿಟಿಕೆ ದಾಲ್ಚಿನ್ನಿ ಪುಡಿ ಒತ್ತಿ, ಗಿಡವನ್ನು ಮಂಜಿನೊಳಗೆ ವಾಪಸ್ ಇಟ್ಟಳು.

“ಈಗ ಕಾಯೀನೂ ಇಲ್ಲ,” ಎಂದಳು ಅವನತ್ತ ತಿರುಗಿ. “ನೋಡ್ಕೊಂಡು ಹೋಗೋಕೆ ಏನೂ ಇಲ್ಲ ಇಲ್ಲಿ. ಈಗ ಹೇಳಿ. ಯಾಕೆ ಬರ್ಬೇಕು ನೀವು?”

ಅವನು ತೊಟ್ಟಿ ನೋಡಿದ, ಫ್ಯಾನು ನೋಡಿದ, ಬಾಗಿಲಲ್ಲಿ ಬಿದ್ದಿದ್ದ ಬ್ಯಾಗು ನೋಡಿದ. ಎಲ್ಲೂ ಸಹಾಯ ಸಿಗಲಿಲ್ಲ.

“ನಿಮಗೋಸ್ಕರ.”

“ಏನು?”

“ನಿಮ್ಮನ್ನ ನೋಡೋಕೆ. ನಿಮ್ಮ ಜೊತೆ ಕೂತ್ಕೊಳ್ಳೋಕೆ. ನಿಮಗೋಸ್ಕರ ರೀ!”

“ನನಗೂ ಕೇಳಿಸ್ತು ಕಣಪ್ಪಾ,” ಎಂದರು ಅತ್ತೆ ಒಳಗಿಂದ.

“ಇಷ್ಟು ಹೇಳೋಕೆ ನನ್ನ ಹೂವನ್ನ ಬಲಿ ಕೊಡ್ಬೇಕಿತ್ತಾ?” ಅವಳ ದನಿ ಒಡೆಯಿತು. “ಎರಡು ವರ್ಷದಿಂದ ಎದುರಿಗೇ ಇದೀನಿ. ನನಗೇನು ಬಾಯಿಲ್ವಾ? ಕೇಳಿದ್ರೆ ಹೂಂ ಅಂತಿದ್ದೆ!”

ಆ ಮಾತು ಎಲ್ಲಿಗೆ ಹೋಗಿ ಬಿತ್ತೆಂದು ಇಬ್ಬರಿಗೂ ಒಂದು ಕ್ಷಣ ತಡವಾಗಿ ತಿಳಿಯಿತು. ಅವನು ಎದ್ದು ನಿಂತ. ನಗಬೇಕೋ ಬೇಡವೋ ತಿಳಿಯದ ತುಟಿ ಒಂದು ಬದಿ ಮಾತ್ರ ಮೇಲೆ ಹೋಗಿತ್ತು. “ನಾನು ಈಗ ಹೋಗಿ, ನಿಮ್ಮ ಸಿಟ್ಟು ಇಳಿದ್ಮೇಲೆ ಬರ್ಲಾ?”

“ಎಲ್ಲಿಗೆ ಹೊರಟ್ರಿ?” ಅವಳು ಅವನ ಗ್ರೀಸಿನ ಮಣಿಕಟ್ಟನ್ನೇ ಹಿಡಿದು ಎಳೆದಳು. “ನಾನಿನ್ನೂ ಅರ್ಧಾನೂ ಬೈದಿಲ್ಲ. ಕೂತ್ಕೊಳ್ಳಿ.”

ಅವನು ಕೂತ. ಅವಳು ಕೈ ಬಿಡದೆ, ಮೊದಲಿನಿಂದ ಶುರುಮಾಡಿದಳು.