ಒಂಬತ್ತು ಫೋನುಗಳ ಮಹಾನವಮಿ

"ಇದು ಇವಳ ಕೈಚಳಕಾನ! ಒಂಬತ್ತು ಫೋನ್ ಕೆಡಿಸಿ ಈಗ ಕಣ್ಣೀರು ಹಾಕ್ತಾಳ!" ನಾನು ಮೇಜು ಗುದ್ದಿದೆ.

"ನಾನು ಮುಟ್ಟೇ ಇಲ್ಲ ಸರ್. ಅಪ್‌ಡೇಟ್ ತಾನಾಗೇ ಆಗಿದೆ." ವರ್ಷಿಣಿಯೂ ಧ್ವನಿ ಏರಿಸಿದಳು.

"ತಾನಾಗೇ ಆಗಾಕ ಅದೇನು ಮಳಿಯೇನ? ಕೇಳಿಸ್ಕೋ. ಇದನ್ನ ಯಾರ ಮಾಡಿರಲಿ, ಅವರ ಕೊರಳಪಟ್ಟಿ ಹಿಡದು ಗೇಟಿನ ಹೊರಗ ನಾನ ನೂಕತೀನಿ. ಮತ್ತ ಒಳಗ ಕಾಲಿಡಬಾರದು. ನನ್ನ ಮಾತಂದ್ರ ಮಾತು!"

ಈಗ ನಾನು ಸೂರತ್ತಿನ ಕತಾರ್‌ಗಾಮಿನಲ್ಲಿ ಒಂದು ಸೀರೆ ಗೋದಾಮು ನೋಡಿಕೊಳ್ಳುತ್ತೇನೆ. ಆಗ ವಡೋದರಾದ ಮಕರಪುರದಲ್ಲಿದ್ದೆ. ಟ್ರಾನ್ಸ್‌ಫಾರ್ಮರಿನ ಬಿಡಿಭಾಗ ಮಾಡುವ ಕಾರ್ಖಾನೆ, ಅದರ ಸ್ಟೋರ್ ನನ್ನ ಕೈಯಲ್ಲಿತ್ತು. ವರ್ಷಿಣಿ ಮೈಸೂರಿನ ಹುಡುಗಿ. ಕಂಪನಿ ಫೋನುಗಳ ಉಸ್ತುವಾರಿ ಅವಳದು. ಸೇರಿ ಐದು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ನಮ್ಮಲ್ಲಿದ್ದದ್ದು ಹತ್ತು ಫೋನು. ಒಂಬತ್ತು ಸ್ಟೋರಿನಲ್ಲಿ, ಒಂದು ಗೇಟಿನ ಕಾವಲುಗಾರ ಜನಾರ್ದನನ ಬಳಿ. ಪೆಟ್ಟಿಗೆಯ ಚೀಟಿಗೆ ಫೋನು ಹಿಡಿದರೆ ಆ್ಯಪ್ ಅದನ್ನು ಓದಿ ಗೇಟ್ ಪಾಸ್ ಪ್ರಿಂಟ್ ಮಾಡಿಸುತ್ತಿತ್ತು. ಆ ಶುಕ್ರವಾರ ಬೆಳಿಗ್ಗೆ ನೋಡಿದರೆ ಸ್ಟೋರಿನ ಒಂಬತ್ತರಲ್ಲೂ ಆ್ಯಪ್ ಹೊಸ ವೇಷ ತೊಟ್ಟು ಕೂತಿತ್ತು. ನಮ್ಮ ಹಳೇ ಪ್ರಿಂಟರಿನ ಜೊತೆ ಮಾತೇ ಬಿಟ್ಟಿತ್ತು. ಅಹಮದಾಬಾದಿಗೆ ಹೋಗಬೇಕಾದ ಎರಡು ಲಾರಿ ಅಂಗಳದಲ್ಲಿ ನಿಂತಿದ್ದವು.

ಮ್ಯಾನೇಜರ್ ರಾಕೇಶ್‌ಭಾಯಿ ಗಡಿಯಾರ ನೋಡಿದರು. "ವರ್ಷಿಣಿ, ಮಧ್ಯಾಹ್ನದ ಊಟದೊಳಗೆ ಬೇರೆ ಯಾರ ತಪ್ಪೂ ಸಿಗದಿದ್ದರೆ ಇದು ನಿನ್ನದೇ. ನಾಳೆಯಿಂದ ಬರಬೇಡ."

ನಾನು ನ್ಯಾಯದ ಮನುಷ್ಯ. ಕಳ್ಳಿಗೂ ವಿಚಾರಣೆ ಆಗಲಿ ಎಂದು, ಹಾಜರಿ ನೋಡುವ ಟೈಮ್ ಆಫೀಸಿನ ಗಿರಿಜಮ್ಮನವರನ್ನು ಕರೆತಂದೆ. ಧಾರವಾಡದವರು. ಗಂಡನ ರೈಲ್ವೆ ಕೆಲಸದಿಂದಾಗಿ ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷ. ತಾಮ್ರದ ತಂತಿ ಕದಿಯುತ್ತಿದ್ದವನನ್ನು ಊಟದ ಡಬ್ಬಿಯ ತೂಕದಿಂದ ಹಿಡಿದವರು ಅವರೇ. ಅವರ ಎಲ್ಲ ಪತ್ತೇದಾರಿಕೆಯಲ್ಲೂ ನಾನೇ ಬಲಗೈ.

ಅವರು ಕನ್ನಡಕ ಏರಿಸಿ ವರ್ಷಿಣಿಯನ್ನು ಕೇಳಿದರು. "ತಾನಾಗೇ ಆಗತದ ಅಂದ್ಯಲ್ಲವಾ, ಯಾವಾಗ ಆಗತದ?"

"ಮೂರು ಸೇರಬೇಕು ಅಮ್ಮ. ಫೋನು ವೈಫೈಗೆ ಸಿಕ್ಕಿರಬೇಕು, ಚಾರ್ಜ್ ಆಗ್ತಿರಬೇಕು, ಯಾರೂ ಮುಟ್ಟದೆ ಸುಮ್ಮನೆ ಬಿದ್ದಿರಬೇಕು. ಸ್ಟೋರಿನ ತಗಡಿನ ಶೆಡ್ಡಿಗೆ ವೈಫೈ ಬರಲ್ಲ. ಅಲ್ಲಿ ಎಲ್ಲಾ ಸಿಮ್ಮಿನ ಮೇಲೇ ನಡೆಯೋದು. ಆದರೂ ಈ ಆ್ಯಪಿನ ಅಪ್‌ಡೇಟನ್ನ ತಡೆದಿಡೋಣ ಅಂತ ಅನುಮತಿ ಕೇಳಿ ಎರಡು ಮೇಲ್ ಹಾಕಿದ್ದೆ."

ರಾಕೇಶ್‌ಭಾಯಿ ಇದ್ದಕ್ಕಿದ್ದಂತೆ ಕೆಮ್ಮಿದರು.

ಗಿರಿಜಮ್ಮ ಒಂದು ಫೋನು ತಿರುವಿ, ಹಿಂಬದಿಗೆ ಬೆರಳು ಒತ್ತಿ ಮೂಸಿದರು. ಹೀಗೇ ಒಂಬತ್ತೂ ಮೂಸಿದರು. ಆಮೇಲೆ ಗೇಟಿಗೆ ಹೋಗಿ ಜನಾರ್ದನನ ಫೋನನ್ನೂ ಮೂಸಿದರು. ಅದರಲ್ಲಿ ಹಳೇ ಆ್ಯಪೇ ಇತ್ತು.

"ಇವನ ಮೇಲೂ ನನಗ ಸಂಶಯ ಐತ್ರಿ. ಬುಧವಾರ ಫೋನ್ ಕೇಳಿದ್ರ ಕೊಡಲಿಲ್ಲ, ಮೊಂಡ" ಎಂದೆ.

"ಡ್ಯೂಟಿಯ ಫೋನು ಸಾಬ್, ಕೈ ಬಿಡೋಲ್ಲ" ಎಂದು ಜನಾರ್ದನ ಹಿಂದಿಯಲ್ಲಿ ಗೊಣಗಿದ.

"ಭಾಳ ಛಲೋ ಮಾಡಿದಿಪಾ" ಎಂದು ಗಿರಿಜಮ್ಮ ಅವನ ಬೆನ್ನು ತಟ್ಟಿ, ಆ ಒಂದೇ ಫೋನಿನಿಂದ ಲಾರಿಯ ಪೆಟ್ಟಿಗೆಗಳನ್ನು ಓದಿಸಲು ವರ್ಷಿಣಿಯನ್ನು ಕಳಿಸಿದರು. ನಿಧಾನವಾಗಿ ಪಾಸು ಹೊರಬರತೊಡಗಿದವು. ಆಮೇಲೆ ನನ್ನತ್ತ ತಿರುಗಿದರು.

"ಸಿದ್ದಲಿಂಗಪ್ಪನವರ, ನಿಮ್ಮ ಸ್ಟೋರಿನ ಕೆಂಪು ವೈರಿನ ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲೈತ್ರಿ?"

"ಮ್ಯಾಲೆ ಮೀಟಿಂಗ್ ರೂಮಿನಾಗ ಐತ್ರಿ. ನಾನ ಒಯ್ದಿದ್ದೆ." ಲಾರಿ ನಿಂತಿವೆ, ಈ ಹೆಂಗಸಿಗೆ ವೈರಿನ ಚಿಂತೆ ಎಂದು ಸಿಟ್ಟು ಬಂತು.

"ಬುಧವಾರ ಮಧ್ಯಾಹ್ನ ಸ್ಟೋರಿನಾಗ ಕೆಲಸ ನಡೀತೇನು?"

"ಮಹಾನವಮಿ ದಿವಸ ಕೆಲಸ ಎಲ್ಲಿಂದು? ಆಯುಧಪೂಜಿ ಮಾಡಿದ್ವಿ. ಗುರುವಾರ ದಸರಾ ರಜಾ. ಹಬ್ಬದ ಮಾತು ಬಿಡ್ರಿ, ಕಳ್ಳನ್ನ ಹುಡುಕ್ರಿ!"

"ಸಿಕ್ಕಾನ್ರಿ. ಎಲ್ಲಾರೂ ಮ್ಯಾಲೆ ಬರ್ರಿ."

ಊಟದ ಗಂಟೆಗೆ ಹತ್ತು ನಿಮಿಷವಿತ್ತು. ಮೀಟಿಂಗ್ ರೂಮಿನಲ್ಲಿ ದೇವಿಯ ಪಟ ಇನ್ನೂ ಮೇಜಿನ ಮೇಲಿತ್ತು, ಚೆಂಡುಹೂ ಬಾಡಿತ್ತು. ರಾಕೇಶ್‌ಭಾಯಿ, ವರ್ಷಿಣಿ, ಜನಾರ್ದನ ಸಾಲಾಗಿ ನಿಂತರು. ಓಡಿಹೋಗುವವನನ್ನು ಹಿಡಿಯಲೆಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಮೇಜು ನೋಡ್ರಿ" ಎಂದರು ಗಿರಿಜಮ್ಮ. ಉದುರಿದ ಅರಿಸಿನ ಕುಂಕುಮದ ನಡುವೆ ಫೋನಿನ ಅಳತೆಯ ಒಂಬತ್ತು ಚೌಕ ಜಾಗ ಸ್ವಚ್ಛವಾಗಿತ್ತು. "ಕೆಟ್ಟ ಒಂಬತ್ತೂ ಫೋನಿಗೆ ಗಂಧದ ವಾಸನಿ ಐತಿ. ಜನಾರ್ದನಂದಕ್ಕ ಬೀಡಿ ವಾಸನಿ ಅಷ್ಟ. ಅಂದ್ರ ಒಂಬತ್ತು ಪೂಜಿಗೆ ಬಂದಾವು, ಒಂದು ಬಂದಿಲ್ಲ. ಆಯುಧಪೂಜಿಗೆ ಇಟ್ಟ ಆಯುಧ ಯಾರೂ ಮುಟ್ಟಂಗಿಲ್ಲ. ವರ್ಷಿಣಿ ಹೇಳಿದ ಮೂರರಾಗ ಅದು ಒಂದು. ಈ ಕೋಣ್ಯಾಗ ವೈಫೈ ಐತಿ, ಎರಡು. ಆದ್ರ ಪೂಜಿಗಿಟ್ಟ ಫೋನಿಗೆ ಚಾರ್ಜ್ ಯಾಕ? ಅದೊಂದು ನನಗ ತಿಳೀಲಿಲ್ಲ. ಸಿದ್ದಲಿಂಗಪ್ಪನವರ, ಕೆಂಪು ವೈರು ಯಾಕ ತಂದ್ರಿ?"

ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿದೆ. ಆದರೂ ಸುಳ್ಳು ಹೇಳುವವನಲ್ಲ.

"ಹಸಿದ ಎತ್ತನ್ನ ಯಾರಾದ್ರೂ ಪೂಜಿಗೆ ನಿಲ್ಲಸ್ತಾರೇನ್ರಿ? ಮೊದಲ ಹೊಟ್ಟಿ ತುಂಬ ಮೇಯಿಸಬೇಕು. ಮೂರು ಫೋನಿನ ಬ್ಯಾಟರಿ ಖಾಲಿ ಇತ್ತು. ಅದಕ್ಕ ಎಲ್ಲಾನೂ ಚಾರ್ಜಿಗೆ ಹಾಕೇ ಆರತಿ ಬೆಳಗಿದೆ."

"ಫೋನ್ ತಗೀರಿ. ಅಪ್‌ಡೇಟ್ ಆದ ಹೊತ್ತು ಓದವಾ" ಎಂದರು ಗಿರಿಜಮ್ಮ.

ವರ್ಷಿಣಿ ಮೆಲ್ಲಗೆ ಓದಿದಳು. "ಬುಧವಾರ ಮಧ್ಯಾಹ್ನ ಎರಡು ಗಂಟೆಯಿಂದ ಮೂರರೊಳಗೆ. ಒಂಬತ್ತೂ."

ನಾನು ಆರತಿ ಮುಗಿಸಿ ಬಾಗಿಲು ಎಳೆದುಕೊಂಡು ಹೋದದ್ದು ಒಂದೂವರೆಗೆ.

ಮೊದಲು ನಕ್ಕವನು ಜನಾರ್ದನ. ಆಮೇಲೆ ರಾಕೇಶ್‌ಭಾಯಿ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಬಿದ್ದರು. "ಅರೆ, ಪೂಜೆ ತಾನೇ, ಹೋಗಲಿ ಬಿಡಿ! ವರ್ಷಿಣಿ, ನಿನ್ನ ಕೆಲಸಕ್ಕೇನೂ ಆಗಲ್ಲ. ಆ ಮೇಲ್‌ಗಳಿಗೆ ಇವತ್ತೇ ಉತ್ತರ ಹಾಕುತ್ತೇನೆ. ಸಿದ್ದಲಿಂಗಪ್ಪ, ಊಟಕ್ಕೆ ನಡೆಯಿರಿ."

ಊಟವಂತೆ! ಬೆಳಿಗ್ಗೆ ನಾನು ಆಡಿದ ಮಾತನ್ನು ಅರ್ಧ ಕಾರ್ಖಾನೆ ಕೇಳಿತ್ತು. ವರ್ಷಿಣಿಯ ಮುಂದೆ ಕೈ ಮುಗಿದೆ. "ತಪ್ಪಾತವ್ವಾ" ಎಂದೆ.

"ಅಯ್ಯೋ ಬಿಡಿ ಸರ್. ಮುಂದಿನ ವರ್ಷ ವೈಫೈ ಆಫ್ ಮಾಡಿ ಪೂಜೆ ಮಾಡೋಣ" ಎಂದಳು.

"ಸಿಟ್ಟಿನಾಗ ಆಡಿದ ಮಾತಿಗೆ ಬೆಲಿ ಇಲ್ರಿ, ಕೂಡ್ರಿ" ಎಂದರು ಗಿರಿಜಮ್ಮ.

ನನ್ನ ಮಾತಿಗೆ ಬೆಲೆ ಇದೆ. ಎಡಗೈಯಿಂದ ನನ್ನ ಕೊರಳಪಟ್ಟಿ ನಾನೇ ಹಿಡಿದು ಮೆಟ್ಟಿಲಿಳಿದೆ. ಲಾರಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ಗೇಟು ದಾಟಿ ರಸ್ತೆಗೆ ಬಂದ ಮೇಲೇ ಕೈ ಬಿಟ್ಟದ್ದು.

ಊಟದ ಡಬ್ಬಿ ಸ್ಟೋರಿನಲ್ಲೇ ಉಳಿಯಿತು. ಸ್ಟೀಲಿನದು, ಮೂರು ಅಂತಸ್ತಿನದು, ಹೆಂಡತಿಯ ತವರಿನವರು ಕೊಟ್ಟದ್ದು. ಅದನ್ನು ತರಲೂ ನಾನು ಹೋಗಲಿಲ್ಲ.